ಹೊದಿಕೆಯಿಲ್ಲದ ಸಂಪುಟಗಳು

ಸೋಮವಾರ ಬೆಳಗ್ಗೆ ಅಂಗಡಿಯ ಹೊರಗಿನ ಡಬ್ಬದಲ್ಲಿ ಐದನೆಯ ಸಂಪುಟವೂ ಬಂದು ಬಿದ್ದಿತ್ತು.

ಅವಳು ಅದನ್ನು ಎದೆಗವಚಿಕೊಂಡು ಅಂಗಡಿಯ ಹಿಂದಿನ ಕೋಣೆಗೆ ಓಡಿದಳು. ಗೋಂದು, ದಾರ, ಸೂಜಿಗಳನ್ನು ಪಕ್ಕಕ್ಕೆ ಸರಿಸಿ, ಪುಸ್ತಕ ಇಟ್ಟು, ಹಿಂಬದಿಯ ರಟ್ಟು ತೆರೆದಳು. ಇತ್ತು. ಒಳಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಬರಹ. ಕೊಂಡ ದಿನ, ಮುದ್ರಣದ ವರ್ಷ, 'ಕಲೆಯಿಲ್ಲ'. ಅವಳದೇ ಕೈಬರಹ.

ನಾಲ್ಕು ವರ್ಷದ ಹಿಂದೆ ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವಳು ಅವಳು. ತಾನು ಎಲ್ಲಿದ್ದೇನೆಂದು ತಂಗಿಗೂ ಹೇಳಿರಲಿಲ್ಲ. ಅವನಿಗೆ ಗೊತ್ತಾದ ದಿನ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಬಿಟ್ಟು ಹೋದರೆ ಹುಡುಕಿ ಮುಗಿಸುತ್ತೇನೆ ಎಂದು ಅವನು ಕೋಪದಲ್ಲಿ ಹೇಳಿರಲಿಲ್ಲ. ಊಟ ಮಾಡುತ್ತಾ ಹೇಳಿದ್ದ.

ಹಳೆಯ ಕಾಮಿಕ್ಸ್ ಅವನ ಹುಚ್ಚು. ಹಾರುವ, ಗೋಡೆ ಒಡೆಯುವ, ಮುಖವಾಡದ ವೀರರು. ಸಂಚಿಕೆಗಳನ್ನೆಲ್ಲ ಒಟ್ಟುಗೂಡಿಸಿ ಗಟ್ಟಿರಟ್ಟು ಹಾಕಿದ ದಪ್ಪ ಸಂಪುಟಗಳು, ಒಟ್ಟು ಆರು. ಮೇಲೆ ಬಣ್ಣದ ಕಾಗದದ ಹೊದಿಕೆ. ಆರನ್ನೂ ಸಾಲಾಗಿ ನಿಲ್ಲಿಸಿದರೆ ಹೊದಿಕೆಗಳ ಬೆನ್ನು ಸೇರಿ ಒಂದೇ ಚಿತ್ರವಾಗುತ್ತಿತ್ತು. ಒಂದನೆಯದರಲ್ಲಿ ವೀರನ ಪಾದ, ಆರನೆಯದರಲ್ಲಿ ಮುಷ್ಟಿ. ಅವನು ಒಂದನ್ನೂ ತೆರೆದು ಓದಿದವನಲ್ಲ. ಬೀಗ ಹಾಕಿದ ಕಪಾಟಿನ ಗಾಜಿನಿಂದ ನೋಡುತ್ತಾ ಕೂರುತ್ತಿದ್ದ. ಧೂಳು ಒರೆಸುವುದು, ವಿವರ ಬರೆಯುವುದು ಹೆಂಡತಿಯ ಕೆಲಸ. ಒಮ್ಮೆ ಒಂದು ಹೊದಿಕೆಯ ಅಂಚು ಹರಿದಿತ್ತು. ಅವಳ ಎಡಗೈಯ ಎರಡು ಬೆರಳು ಇನ್ನೂ ನೆಟ್ಟಗಾಗಿಲ್ಲ.

ಇದು ಪುಸ್ತಕ ಕೊಟ್ಟು ಪುಸ್ತಕ ಒಯ್ಯುವ ಅಂಗಡಿ. ಬಾಗಿಲು ತೆರೆಯುವ ಮುಂಚೆ ಬಂದವರು ಹೊರಗಿನ ಡಬ್ಬದಲ್ಲಿ ಪುಸ್ತಕ ಹಾಕಿ, ಬದಲಿಗೆ ಏನು ಬೇಕೆಂದು ಚೀಟಿ ಬರೆದಿಟ್ಟು ಹೋಗುತ್ತಾರೆ. ಹಾಗೆ ಮಾಡಿ ಎಂದು ಡಬ್ಬದ ಮೇಲೆ ಬರೆದವಳೂ ಅವಳೇ. ಈ ಸಂಪುಟಗಳ ಜೊತೆ ಚೀಟಿ ಇರುತ್ತಿರಲಿಲ್ಲ. ಸೋಮವಾರಕ್ಕೊಂದು, ಕ್ರಮ ತಪ್ಪದೆ ಬರುತ್ತಿದ್ದವು.

ಮುದುಕ ಮಾಲೀಕನಿಗೆ ಖುಷಿಯೋ ಖುಷಿ. ಇಂಥವಕ್ಕೆ ಗಿರಾಕಿಗಳು ಮುಗಿಬೀಳುತ್ತಾರೆ, ಹೊರಗಿಡು ಎಂದು ವಾರವಾರವೂ ಹೇಳುತ್ತಿದ್ದ. ಹೊಲಿಗೆ ಸಡಿಲವಾಗಿದೆ, ರಿಪೇರಿ ಆಗಲಿ ಎಂದು ಅವಳು ಸುಳ್ಳು ಹೇಳಿ ಎಲ್ಲವನ್ನೂ ಬೆಂಚಿನ ಕೆಳಗೆ ತಳ್ಳಿದ್ದಳು.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ," ಎಂದ ಮುದುಕ. "ಕೊಟ್ಟೋರಿಗೇ ಇಲ್ಲದ ಚಿಂತೆ ನಿನಗ್ಯಾಕಮ್ಮ?"

ಅವಳು ನಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಂಡ ಪಾದದಿಂದ ಶುರು ಮಾಡಿದ್ದಾನೆ, ಮುಷ್ಟಿಗೆ ಇನ್ನೊಂದೇ ವಾರ. ಒಂದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಐದಕ್ಕೂ ಹೊದಿಕೆ ಇರಲಿಲ್ಲ. ಅವನು ತನ್ನ ಚರ್ಮ ಸುಲಿದು ಕೊಟ್ಟಾನು, ಸಂಪುಟವನ್ನು ಬೆತ್ತಲೆ ಕಳಿಸುವವನಲ್ಲ.

ಆ ವಾರ ಎರಡು ಸಲ ಚೀಲ ತುಂಬಿದಳು, ಎರಡು ಸಲ ಖಾಲಿ ಮಾಡಿದಳು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಚಿಲಕ ಹಾಕಿದೆಯೇ ಎಂದು ನೋಡುತ್ತಿದ್ದಳು. ಓಡಬಹುದಿತ್ತು. ಆದರೆ ಇಲ್ಲಿ ಅವಳದೆಂಬ ಒಂದು ಕೋಣೆಯಿತ್ತು, ಅದರ ಬೀಗದ ಕೈ ಅವಳ ಹತ್ತಿರವೇ ಇತ್ತು. ನಲವತ್ತೈದು ವರ್ಷಕ್ಕೆ ಸಿಕ್ಕಿದ್ದು ಅದು. ಅದನ್ನು ಬಿಟ್ಟು ಮತ್ತೆಲ್ಲಿಗೆ?

ಸೋಮವಾರ ಮಾಲೀಕ ಬರುವ ಮುಂಚೆಯೇ ಬಂದು, ದೀಪ ಹಾಕದೆ, ಕಿಟಕಿಯ ಪಕ್ಕ ನಿಂತಳು. ಕೈಯಲ್ಲಿ ರಟ್ಟು ಕೊಯ್ಯುವ ಚಾಕು.

ಸ್ಕೂಟರ್ ನಿಂತಿತು. ಹೆಲ್ಮೆಟ್ಟು, ದೊಗಳೆ ಕೋಟು. ಡಬ್ಬದೊಳಗೆ ಆರನೆಯದು ಧಡ್ಡೆಂದು ಬಿತ್ತು. ಆದರೆ ಸ್ಕೂಟರ್ ಹೊರಡಲಿಲ್ಲ. ಹೆಜ್ಜೆಗಳು ಬಾಗಿಲಿಗೇ ಬಂದವು. ಮೆಲ್ಲಗೆ ಎರಡು ಬಡಿತ.

ಅಷ್ಟು ಮೆಲ್ಲಗೆ ಬಡಿಯುವುದು ಅವನಿಗೆ ಗೊತ್ತಿರಲಿಲ್ಲ. ಅವಳು ಚಾಕು ಹಿಡಿದೇ ಚಿಲಕ ತೆಗೆದಳು.

ಹೆಲ್ಮೆಟ್ಟು ಕಳಚಿದ್ದು ಒಬ್ಬ ಹುಡುಗಿ. ಇಪ್ಪತ್ತೈದು ದಾಟಿರಲಿಲ್ಲ. ಕೆಳದುಟಿ ಒಡೆದು ಕಪ್ಪುಗಟ್ಟಿತ್ತು. ಅವಳ ನೋಟ ಚಾಕುವಿನ ಮೇಲೆ ನಿಲ್ಲಲಿಲ್ಲ. ಸೊಟ್ಟಗಿದ್ದ ಎರಡು ಬೆರಳುಗಳ ಮೇಲೆ ನಿಂತಿತು.

ಪಿಸುದನಿಯಲ್ಲಿ, ರಸ್ತೆಯ ಕಡೆ ತಿರುತಿರುಗಿ ನೋಡುತ್ತಾ ಹೇಳಿದಳು. ಗಂಡನ ಕೆಲಸ ಬದಲಾಗಿ ಇಬ್ಬರೂ ಈ ಊರಿಗೆ ಬಂದು ಮೂರು ತಿಂಗಳಾಯಿತಂತೆ. ದಾರಿಯಲ್ಲಿ ಹೋಗುವಾಗ ಡಬ್ಬದ ಮೇಲಿನ ಬರಹ ಕಣ್ಣಿಗೆ ಬಿತ್ತಂತೆ. ಮನೆಯ ಸಂಪುಟಗಳ ಹಿಂದೆಯೂ ಅದೇ ಬರಹ. ಆದರೆ ಬರೆದವಳು ಸತ್ತುಹೋದಳೆಂದು ಅವನು ಹೇಳಿದ್ದ. ಗಾಜಿನ ಆಚೆ ಈಗ ಹೊದಿಕೆಗಳಷ್ಟೇ ನಿಂತಿವೆ, ಒಳಗೆ ಹಳೆಯ ರಿಜಿಸ್ಟರುಗಳು. ಅವನು ಇನ್ನೂ ನೋಡುತ್ತಾ ಕೂರುತ್ತಾನೆ.

"ಪ್ರತಿ ಶನಿವಾರ ಬಂದು ಶೆಲ್ಫು ನೋಡ್ತಿದ್ದೆ. ಬೇರೆ ಯಾರಾದ್ರೂ ಆಗಿದ್ರೆ ಹೊರಗಿಟ್ಟು ಬಿಡ್ತಿದ್ರು. ನೀವು ಒಂದನ್ನೂ ಇಡಲಿಲ್ಲ. ಆಗ ಗೊತ್ತಾಯ್ತು, ಬದುಕಿದ್ದೀರಿ ಅಂತ."

ಅವಳು ಚಾಕು ಕೆಳಗಿಟ್ಟಳು. ಹುಡುಗಿ ಒಂದು ಹೆಜ್ಜೆ ಒಳಗಿಟ್ಟಳು.

"ಅಕ್ಕಾ, ಅವರು ಬರೋದು ಸಂಜೆಗೆ. ಆ ಮನೆಯಿಂದ ನೀವು ಹೇಗೆ ಹೊರಗೆ ಬಂದ್ರಿ, ನನಗೂ ಹೇಳಿ."