ಪೆನಾಯಾಜ್ಜನ ಬೋಗುಣಿ

"ಎಲ್ಲಿ, ಕಣ್ಣು ಬಿಡಿ ಅಜ್ಜ. ಅಯ್ಯೋ ದೇವರೇ, ಅರಿಸಿನ ಬಳಿದ ಹಾಗಿದೆಯಲ್ರೀ!" ಎಂದಳು ನರ್ಸ್ ಉನಾಯ್ಸಿ, ಚಾಪೆಯ ಮೇಲೆ ಕೂರುತ್ತಲೇ.

"ನಿಮ್ಮ ದ್ವೀಪದವರ ಮುಖ ನೋಡಿದ್ರೆ ನನ್ನ ಕಣ್ಣು ಹಾಗೇ ಆಗೋದು," ಎಂದ ಪೆನಾಯಾ. ಅಮಲೇರಿಸುವ ಕಾವಾ ಬೇರನ್ನು ನೀರಲ್ಲಿ ಕಲೆಸಿಟ್ಟ ಮರದ ಬೋಗುಣಿಯ ಸುತ್ತ ಕೂತಿದ್ದ ಗಂಡಸರು ಹೋ ಎಂದು ನಕ್ಕರು. ಮುದುಕ ವಾಡಿಕೆಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪಿನಲ್ಲಿ ಮತ್ತೊಂದು ಸುತ್ತು ಗಟಗಟನೆ ಇಳಿಸಿದ.

ನಗದೆ ಇದ್ದವಳು ಅವನ ಹೆಂಡತಿ ಮಕೆರೆತಾ ಒಬ್ಬಳೇ. "ಮೂತ್ರ ಕರೀ ಚಹಾ ಥರ ಹೋಗ್ತಿದೆ ಕಣಮ್ಮ. ಮೀನಿನ ಸಾರು ಇಟ್ರೆ ಮುಖ ತಿರುಗಿಸ್ತಾರೆ. ಇವರಣ್ಣನಿಗೂ ಹೀಗೇ ಶುರುವಾಗಿದ್ದು. ಹೊಟ್ಟೇಲಿ ನೀರು ತುಂಬಿ ಹೋಗ್ಬಿಟ್ರು."

"ಸ್ವಲ್ಪ ರಕ್ತ ಕೊಡಿ ಅಜ್ಜ, ದೋಣೀಲಿ ಸುವಾದ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಲಿವರಿಗೆ ಸೋಂಕು ತಗುಲಿದ್ರೆ ಮಾತ್ರೆ ಇದೆ. ನಿಮ್ಮಣ್ಣನಿಗೆ ತಡವಾಯ್ತು, ನಿಮಗಾಗಿಲ್ಲ. ರಿಪೋರ್ಟ್ ಬರೋವರೆಗೂ ಕಾವಾ ಬಂದ್."

"ಕ್ಲಿನಿಕ್ಕು ಹೆಂಗಸರಿಗೆ, ಮಕ್ಕಳಿಗೆ. ಸೂಜಿಗೆ ಕೈ ಒಡ್ಡೋ ಗಂಡಸು ನಾನಲ್ಲ!"

ಎಷ್ಟು ಸಲ ಕರೆದರೂ ಇದೇ ಉತ್ತರ. ನಾಲ್ಕು ಜನರ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯವನಲ್ಲ ಮುದುಕ. ಉನಾಯ್ಸಿಗೆ ರೇಗಿತು, ರೇಗಿದ್ದಕ್ಕಿಂತ ಹೆದರಿಕೆ ಹೆಚ್ಚಾಯಿತು. ಅವನಣ್ಣನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿದ್ದವಳು ಅವಳೇ.

ಅವಳ ದ್ವೀಪಕ್ಕೂ ಈ ಊರಿಗೂ ಮೂಲದೇವರು ಒಬ್ಬನೇ. ತೌವು ಎನ್ನುತ್ತಾರೆ ಆ ನಂಟಿಗೆ. ತೌವು ಆದವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಮನೆಗೆ ನುಗ್ಗಿ ಕಣ್ಣಿಗೆ ಬಿದ್ದದ್ದನ್ನು ಹೊತ್ತುಕೊಂಡು ಹೋಗಬಹುದು. ಕಳೆದುಕೊಂಡವರು ಸಿಟ್ಟಾಗುವ ಹಾಗಿಲ್ಲ.

ಉನಾಯ್ಸಿ ಎದ್ದವಳೇ, ಕಾವಾ ಸಮೇತ ಬೋಗುಣಿಯನ್ನು ಎದೆಗವಚಿಕೊಂಡು, ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ ಬಾಗಿಲು ದಾಟಿದಳು.

"ಏಯ್ ಕಳ್ಳಿ! ನಮ್ಮಪ್ಪ ಕೆತ್ತಿದ್ದು ಕಣೇ ಅದು!"

"ತೌವು ಅಲ್ವಾ ಅಜ್ಜ? ಸಿಟ್ಟು ಮಾಡ್ಕೋಬಾರದು!"

ಗಂಡಸರು ಬಿದ್ದು ಬಿದ್ದು ನಕ್ಕರು. ಮಕೆರೆತಾಳಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಗಂಡಸರನ್ನು ಹಿಂದೆ ಕಟ್ಟಿಕೊಂಡು ಪೆನಾಯಾ ಕ್ಲಿನಿಕ್ಕಿಗೆ ನುಗ್ಗಿದ. "ಎಲ್ಲಿ ಆ ಕಳ್ಳಿ? ಇವತ್ತು ನನ್ನ ಸರದಿ!" ಎನ್ನುತ್ತ ಅವಳ ಕುರ್ಚಿಯಲ್ಲೇ ಧೊಪ್ಪನೆ ಕೂತ.

ಉನಾಯ್ಸಿಯ ಮುಖ ಬಾಡಿತು. "ಬೋಗುಣಿ ಮೂಲೇಲಿದೆ, ತಗೊಂಡು ಹೋಗಿ."

ಮುದುಕ ಆ ಕಡೆ ತಿರುಗಿಯೂ ನೋಡಲಿಲ್ಲ. ಕಿಟಕಿಯಲ್ಲಿ ಇಣುಕುತ್ತಿದ್ದವರಿಗೆಲ್ಲ ಕೇಳುವಂತೆ ಅಬ್ಬರಿಸಿದ: "ಬೋಗುಣಿ ಯಾರಿಗೆ ಬೇಕು? ನಿನ್ನ ಸೂಜಿ ಕಿತ್ಕೊಂಡು ಹೋಗೋಕೆ ಬಂದಿದೀನಿ!"

ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ತೋಳನ್ನು ಮೇಜಿನ ಮೇಲಿಟ್ಟ.

"ಹ್ಞೂಂ, ಕೊಡು. ಇಲ್ಲಿ ಹಾಕ್ಕೊಡು."