ಸೋಮವಾರದ ನಳಿಕೆಗಳು

“ನಾಕು ಗಂಟೆ ಬಸ್ಸಿಗೆ ಪೆಟ್ಟಿಗೆ ಓಗ್ಬೇಕು. ಅಷ್ಟ್ರೊಳಗೆ ದಾರ ಕೆಡಿಸ್ತಿರೋರು ಯಾರು ಅಂತ ಏಳು,” ಎಂದರು ಮಾಲೀಕ ಶಿವನಂಜಯ್ಯ. “ಏಳಕ್ಕಾಗ್ದಿದ್ರೆ ಚಿಕ್ಕಬಸಮ್ಮನ್ನ ಕಳಿಸ್ಬುಡಾನ. ಯಾರಾದ್ರೂ ಒಬ್ರು ಓಗ್ಲೇಬೇಕಲ್ಲ.”

ಷಡಕ್ಷರಿ ತಲೆಯಾಡಿಸಿದ. ಗೋಡೆ ಗಡಿಯಾರದಲ್ಲಿ ಎರಡೂವರೆ. ಯಾರ ಮೇಲೂ ಅನ್ಯಾಯವಾಗಿ ಬೆರಳು ತೋರಿಸದಂತೆ ಬುದ್ಧಿ ಕೊಡು ಎಂದು, ವಾರವಾರ ತಪ್ಪದೆ ಹೋಗುವ ಗುಡಿಯಲ್ಲಿ ಬೆಳಿಗ್ಗೆ ಕೊಂಚ ಹೆಚ್ಚು ಹೊತ್ತೇ ನಿಂತು ಬಂದಿದ್ದ. ಬುದ್ಧಿ ಇನ್ನೂ ಬಂದಿರಲಿಲ್ಲ.

ಕೊಳ್ಳೇಗಾಲದ ರೇಷ್ಮೆ ಸೀರೆಯಾಗುವುದು ಎಲ್ಲರಿಗೂ ಗೊತ್ತು. ಶಿವನಂಜಯ್ಯನವರ ತಗಡಿನ ಶೆಡ್ಡಿನಲ್ಲಿ ಅದು ಆಪರೇಷನ್ನಿನ ಗಾಯ ಹೊಲಿಯುವ ಕಪ್ಪು ದಾರವಾಗುತ್ತಿತ್ತು. ಎಂಟು ಹೆಂಗಸರು ಹುರಿ ಮಾಡುತ್ತಿದ್ದರು. ಷಡಕ್ಷರಿ ಪ್ರತಿ ದಾರವನ್ನೂ ಭೂತಗನ್ನಡಿಯ ಕೆಳಗೆ ಎಳೆದು ನೋಡಿ, ಚೆನ್ನಾಗಿದ್ದುದನ್ನು ಸುರುಳಿ ಸುತ್ತಿ ತಟ್ಟೆಗೆ ಹಾಕುತ್ತಿದ್ದ. ಚಿಕ್ಕಬಸಮ್ಮ ಆ ಸುರುಳಿಯನ್ನು ತಾರೀಕಿನ ಚೀಟಿಯ ಜೊತೆ ಗಾಜಿನ ನಳಿಕೆಗೆ ಇಳಿಸಿ, ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚುತ್ತಿದ್ದಳು.

ಮೂರು ವಾರದ ಹಿಂದೆ ಆಸ್ಪತ್ರೆಯಿಂದ ಕಾಗದ ಬಂತು. ದಾರದಲ್ಲಿ ಬೂದಿಯಂಥ ಕಣಗಳು. ಹೆರಿಗೆಯ ಆಪರೇಷನ್ನಾದ ಒಬ್ಬಳ ಹೊಲಿಗೆ ಕೀವಾಗಿ ಬಿಚ್ಚಿಕೊಂಡಿತ್ತು. ಜೀವ ಉಳಿದದ್ದೇ ಹೆಚ್ಚು.

ಷಡಕ್ಷರಿಗೆ ನಿದ್ದೆ ಹೋಯಿತು. ಸಂಜೆ ಕ್ಲಾಸಿನಲ್ಲಿ ಓದಿ ಈ ಕೆಲಸಕ್ಕೆ ಬಂದವನು. ಬೀಗ ಹಾಕಿ ಅರ್ಧ ಬೀದಿ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವ ಪೈಕಿ. ಮೊದಲು ತನ್ನನ್ನೇ ಶಂಕಿಸಿದ. ಮೇಜು ಉಜ್ಜಿಸಿದ. ಗಾಜು ಒರೆಸುವ ಬಟ್ಟೆ ಬದಲಿಸಿದ. ಕಣ್ಣೇ ಮಂದವಾಗಿರಬಹುದೆಂದು ಚಾಮರಾಜನಗರಕ್ಕೆ ಹೋಗಿ ತೋರಿಸಿಕೊಂಡ. ಕಣ್ಣು ಚೆನ್ನಾಗಿತ್ತು. ಆಮೇಲೆ ಬಾಗಿಲಲ್ಲಿ ಒಂದು ತಂಬಿಗೆ ನೀರು ಇಡಿಸಿದ. ಹೆಂಗಸರು ಕೈ ಮುಖ ತೊಳೆದು, ಹುಬ್ಬಿನ ತನಕ ಬಟ್ಟೆ ಕಟ್ಟಿಕೊಂಡೇ ಒಳಗೆ ಬರಬೇಕು. ದಿನಾ ತಾನೇ ಎದುರು ನಿಂತು ನೋಡುತ್ತಿದ್ದ.

ಆದರೂ ಶನಿವಾರ ಎರಡನೇ ಕಾಗದ ಬಂತು. ಜೊತೆಗೆ ಕೆಟ್ಟ ನಳಿಕೆಗಳ ಹನ್ನೆರಡು ಚೀಟಿ. ಷಡಕ್ಷರಿ ಅವನ್ನು ಸಾಲಾಗಿ ಜೋಡಿಸಿ, ಕ್ಯಾಲೆಂಡರ್ ತಿರುವಿದ. ಹನ್ನೆರಡೂ ಸೋಮವಾರದವು.

ಚಿಕ್ಕಬಸಮ್ಮನಿಗೆ ಸೋಮವಾರ ಒಪ್ಪೊತ್ತು. ಸೆರಗಿನ ಗಂಟಿನಲ್ಲಿ ಮಾದಪ್ಪನ ಬೆಟ್ಟದ ವಿಭೂತಿ ಇರುವುದು ಶೆಡ್ಡಿಗೆಲ್ಲ ಗೊತ್ತು. ಹುರಿ ಮಾಡುವ ದೊಡ್ಡಮಾದಮ್ಮ ಇನ್ನೊಂದು ಮಾತನ್ನೂ ಹೇಳಿದ್ದಳು. ಸೋಮವಾರ ಬಂತೆಂದರೆ ಚಿಕ್ಕಬಸಮ್ಮ ಒಂದೊಂದು ಸುರುಳಿಯನ್ನೂ ತುಟಿಯ ಹತ್ತಿರ ಹಿಡಿದು ಊದುತ್ತಾಳೆ. “ಮಂತ್ರ ಆಕ್ತಾಳೆ ಕಣ್ ಸಾ. ರೋಗಿ ಬದುಕ್ಲಿ ಅಂತಾನೋ ಏನೋ.”

ಇಂದೂ ಸೋಮವಾರ.

ಷಡಕ್ಷರಿ ಅವಳನ್ನು ಕರೆದು ಸೆರಗಿನ ಗಂಟು ಬಿಚ್ಚಿಸಿದ. ವಿಭೂತಿಯ ಪೊಟ್ಟಣ ಇತ್ತು. ಕಟ್ಟಿದ ದಾರ ಹಾಗೇ ಇತ್ತು.

“ಸೋಮವಾರ ಸುರುಳೀನ ಊದ್ತೀಯಂತೆ. ನಿಜವೇ?”

“ನಿಜ ಸಾ.”

“ಯಾಕೆ?”

ಅವಳು ಅವನ ಮುಖವನ್ನು ಒಮ್ಮೆ ನೋಡಿ ನೆಲ ನೋಡಿದಳು. “ನಾನೇ ಅಂತ ಬರ್ಕಳಿ ಸಾ. ಕೆಲವು ಮಾತ ಬಾಯ್ಬುಟ್ಟು ಏಳಕ್ಕಾಗಕಿಲ್ಲ.”

ತಪ್ಪೊಪ್ಪಿಗೆ ಇದಕ್ಕಿಂತ ಸ್ಪಷ್ಟ ಬೇಕೆ? ಹನ್ನೊಂದು ವರ್ಷದ ಕೆಲಸ ಅವಳದು. ಗಂಡನಿಲ್ಲ. ಷಡಕ್ಷರಿ ಕಾಗದ ತೆಗೆದ. ಪೆನ್ನು ಏಳಲಿಲ್ಲ. ಒಂದೇ ಒಂದು ಸಲ ನೋಡಿಬಿಡೋಣ ಎನ್ನಿಸಿತು.

ಅವಳನ್ನು ದೂರ ಬಾಗಿಲಲ್ಲಿ ನಿಲ್ಲಿಸಿದ. ಮೇಜಿನ ಮೇಲೆ ಹೊಸ ಕಪ್ಪು ಕಾಗದ ಹಾಸಿ, ಹೊಸ ದಾರ ತೆಗೆದು ಭೂತಗನ್ನಡಿಯ ಮೇಲೆ ಬಗ್ಗಿದ. ತಗಡು ಕಾದು ಶೆಡ್ಡು ಬೇಯುತ್ತಿತ್ತು. ಮೊಳ ಮೊಳವಾಗಿ ಎಳೆದು ನೋಡಿದ. ಒಂದು ಕಣವೂ ಇಲ್ಲ. ಅಲ್ಲಿಗೆ ತೀರಿತು. ತನ್ನ ಮೇಜಿನಲ್ಲಿ ದಾರ ಶುದ್ಧ. ಕೆಡುವುದೇನಿದ್ದರೂ ಅವಳ ಕೈಯಲ್ಲಿ. ಅವನು ದಾರವನ್ನು ಸುರುಳಿ ಸುತ್ತಿ ಕಾಗದದ ಮೇಲಿಟ್ಟು, ಉಸಿರು ಬಿಟ್ಟು ಪೆನ್ನು ತೆರೆದ. ಗಡಿಯಾರದಲ್ಲಿ ಮೂರೂಮುಕ್ಕಾಲು.

ಟಪ್ ಎಂದು ಒಂದು ಹನಿ ಬೆವರು ಸುರುಳಿಯ ಪಕ್ಕದಲ್ಲೇ ಬಿತ್ತು.

ಕಪ್ಪು ಕಾಗದ ಅದನ್ನು ಹೀರಿಕೊಂಡಿತು. ಹನಿ ಬಿದ್ದಲ್ಲಿ ಬೂದುಬಣ್ಣದ ಒಂದು ಉಂಗುರ ಉಳಿಯಿತು. ಷಡಕ್ಷರಿ ನಿಧಾನವಾಗಿ ಕೈಯೆತ್ತಿ ಹಣೆ ಮುಟ್ಟಿಕೊಂಡ. ಮೂರು ಬೆರಳಿಗೂ ಬೂದಿ ಹತ್ತಿತು.

ಚಿಕ್ಕಬಸಮ್ಮ ಬಾಗಿಲಲ್ಲಿದ್ದ ತಂಬಿಗೆ ನೀರನ್ನು ತಂದು ಅವನ ಮುಂದಿಟ್ಟಳು. “ಆದಷ್ಟೂ ಊದಿ ಊದಿನೇ ತುಂಬ್ತಿದ್ದೆ ಸಾ. ದೇವ್ರ ಈಬೂತಿ ಒರೆಸ್ಕಳಿ ಅಂತ ಯಾವ ಬಾಯಲ್ಲಿ ಏಳ್ಲಿ?”