ಮೂಡಲಪಾಳ್ಯದ ಟೆಕ್ಸಾಸ್

ಶೂಟಿಂಗ್ ಮತ್ತೆ ನಿಂತಿತು. ಈ ಸಲ ಕುದುರೆಗೆ ಹೊಟ್ಟೆನೋವಂತೆ.

ನಿರ್ದೇಶಕ ಮಧುಕುಮಾರ್ ಕೌಬಾಯ್ ಟೋಪಿ ತೆಗೆದು ನೆಲಕ್ಕೆ ಬಡಿದ. ಎದ್ದ ಧೂಳು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದವರೆಗೂ ಹೋಯಿತು. ಅವನು ತೆಗೆಯುತ್ತಿದ್ದದ್ದು ಅಂತಿಂಥ ಚಿತ್ರವಲ್ಲ; ಹಾಡು, ಹಾಸ್ಯ, ಕುದುರೆ, ಪಿಸ್ತೂಲು ಎಲ್ಲ ಸೇರಿದ ಕೌಬಾಯ್ ಚಿತ್ರ. ಬಿಡುಗಡೆಯಾದ ದಿನವೇ ಹಾಲಿವುಡ್ ಬಾಗಿಲು ಮುಚ್ಚಿ ಮೂಡಲಪಾಳ್ಯದ ಕಡೆ ಬಸ್ಸು ಹತ್ತಬೇಕು, ಅಂಥದ್ದು. ಮುಗಿಯದಿದ್ದರೆ? ಮಾವನ ಸ್ಟುಡಿಯೋದಲ್ಲಿ ಜೀವನಪೂರ್ತಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದೇ ಗತಿ.

ಕುದುರೆ ಮಾತ್ರ ನಿಶ್ಚಿಂತೆಯಿಂದ ಹುರುಳಿ ಮೇಯುತ್ತಿತ್ತು. ಮದುವೆ ಮೆರವಣಿಗೆಯ ಕುದುರೆ ಅದು. ಓಡು ಅಂದರೆ ನಿಲ್ಲುತ್ತಿತ್ತು, ಬ್ಯಾಂಡು ಕೇಳಿಸಿದರೆ ಕುಣಿಯುತ್ತಿತ್ತು.

ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ. ಅನುಮಾನ ಚನ್ನಕೇಶವನ ಮೇಲೆ. ನಿರ್ಮಾಪಕ ವೆಂಕಟಸ್ವಾಮಿಯ ಸ್ವಂತ ತಮ್ಮ. ಸೆಟ್ಟು ಹಾಕಿದ್ದ ಸೈಟಿನಲ್ಲಿ ಅರ್ಧ ತನ್ನದು, ತೀರ್ಪು ಬರುವ ತನಕ ಅಲ್ಲಿ ಒಂದು ಇಟ್ಟಿಗೆಯೂ ಏಳಕೂಡದು ಎಂದು ಕೋರ್ಟಿನಿಂದ ತಡೆ ತಂದವನು. ಪ್ಲೈವುಡ್ ಸೆಟ್ಟಿಗೆ ಒಪ್ಪಿದ್ದೂ ತನಗೆ ಷೆರೀಫನ ಪಾತ್ರ ಸಿಕ್ಕ ಮೇಲೆಯೇ. ಈಗ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡೇ ತರಕಾರಿಗೆ ಹೋಗುತ್ತಿದ್ದ.

ವೆಂಕಟಸ್ವಾಮಿಯಾದರೋ ಕಲೆಗೆಂದೇ ಅವತರಿಸಿದ ದೇವರು. ಸೆಟ್ಟಿನ ಹೆಂಡದಂಗಡಿಯ ಬಾಗಿಲು ಪೂರ್ವಕ್ಕೇ ಇರಬೇಕೆಂದು ಹಟ ಹಿಡಿದ. ಜೈಲನ್ನು ಆಗ್ನೇಯ ಮೂಲೆಗೇ ಹಾಕಿಸಿದ. ಶೂಟಿಂಗ್ ನಿಂತ ದಿನಗಳಲ್ಲೂ ಸಂಜೆ ತಾನೇ ಪೈಪು ಹಿಡಿದು ಇಡೀ ಸೆಟ್ಟಿಗೆ ನೀರು ಹೊಡೆಯುತ್ತಿದ್ದ.

“ಧೂಳು ಏಳಬಾರ್ದಲ್ವಾ ಸಾರ್? ನೀವು ಮುಂದೆ ನೋಡ್ಕೊಳಿ, ಹಿಂದೆ ನಾನಿದೀನಿ.”

ಮಧುಕುಮಾರನ ಕಣ್ಣು ತುಂಬಿ ಬಂದಿತ್ತು. ಸೆಟ್ಟಿನ ಹಿಂದಕ್ಕೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ಕ್ಯಾಮೆರಾ ನೋಡದ್ದನ್ನು ಮಹಾನ್ ನಿರ್ದೇಶಕನೂ ನೋಡಬಾರದು. ಅದು ಅವನೇ ಹೊರಡಿಸಿಕೊಂಡ ಶಾಸನ.

ಉಳಿದದ್ದು ಕೊನೆಯ ದೃಶ್ಯವೊಂದೇ: ಡಕಾಯಿತರು ಊರಿಗೆ ಬೆಂಕಿ ಇಡುತ್ತಾರೆ, ಉರಿಯುವ ಊರಿನ ಮುಂದೆ ಷೆರೀಫ್ ಹಾಡಿ ಕುಣಿಯುತ್ತಾನೆ.

“ಬೆಂಕಿ ಬೇಡ ಸಾರ್,” ಅಂದ ವೆಂಕಟಸ್ವಾಮಿ. “ಇಷ್ಟು ಗಟ್ಟಿಯಾಗಿ ಕಟ್ಟಿರೋ ಊರು. ಇನ್ನೊಂದು ಹಾಡು ಹಾಕಿ.”

“ಊರು ಉರೀಲಿಲ್ಲ ಅಂದ್ರೆ ಪಿಕ್ಚರೇ ಇಲ್ಲ ಸಾರ್!”

“ಭಾನುವಾರ ಮನೇಲಿ ಪೂಜೆ ಇದೆ. ಅದು ಮುಗೀಲಿ, ಮಾತಾಡೋಣ. ಅಲ್ಲೀವರೆಗೂ ಯಾರೂ ಸೈಟ್ ಕಡೆ ಬರಬೇಡಿ.”

ಆಗ ಹೊಳೆಯಿತು ಮಧುಕುಮಾರನಿಗೆ. ಕುದುರೆಗೆ ಹೊಟ್ಟೆನೋವು ಎಂದವನು ಇವನೇ. ಹೋದ ವಾರ ಕ್ಯಾಮೆರಾಮನ್‌ಗೆ ರಜೆ ಕೊಟ್ಟವನೂ ಇವನೇ. ನಿರ್ಮಾಪಕನಿಗೇ ಚಿತ್ರ ಮುಗಿಯುವುದು ಬೇಡ!

ಭಾನುವಾರ ಬೆಳಗಾಗುತ್ತಲೇ ಅವನು ಕ್ಯಾಮೆರಾ, ಬ್ಯಾಂಡು, ಕುದುರೆ ಸಮೇತ ಸೈಟಿನಲ್ಲಿ ಹಾಜರಾದ. ಜೊತೆಗೆ ಷೆರೀಫನ ವೇಷದಲ್ಲಿ ಚನ್ನಕೇಶವ.

“ನಿಮ್ಮಣ್ಣ ಬೈದ್ರೆ?”

“ಅರ್ಧ ಸೈಟು ನಂದು ಗುರು. ನಾನ್ ಹೇಳ್ತಿದೀನಿ, ಹಚ್ಚು!”

ಪಂಜು ಹಾರಿತು. ಬೆಂಕಿ ಆಕಾಶದ ಮೀಸೆ ಸುಟ್ಟಿತು. ಬ್ಯಾಂಡು ಬಾರಿಸಿತು, ಕುದುರೆ ಕುಣಿಯಿತು, ಚನ್ನಕೇಶವ ಕುದುರೆಗಿಂತ ಚೆನ್ನಾಗಿ ಕುಣಿದ. ಪ್ಲೈವುಡ್ ಹಲಗೆಗಳು ಉರಿದು, ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು.

ಊರು ಮಾತ್ರ ಬೀಳಲಿಲ್ಲ.

ಬ್ಯಾಂಡು ನಿಂತಿತು. ಚನ್ನಕೇಶವನ ಒಂದು ಕಾಲು ಗಾಳಿಯಲ್ಲೇ ಉಳಿಯಿತು.

ಹೊಗೆಯ ಹಿಂದೆ, ಸಿಮೆಂಟು ಬಳಿದ ಇಟ್ಟಿಗೆ ಗೋಡೆಗಳ ನಡುವೆ, ಜೈಲಿದ್ದ ಆಗ್ನೇಯ ಮೂಲೆಯ ಹೊಸ ಅಡುಗೆಮನೆಯಲ್ಲಿ, ವೆಂಕಟಸ್ವಾಮಿಯ ಹೆಂಡತಿ ವರಲಕ್ಷ್ಮಿ ಕೆಮ್ಮುತ್ತಲೇ ಗೃಹಪ್ರವೇಶದ ಹಾಲು ಉಕ್ಕಿಸುತ್ತಿದ್ದಳು.